ಮೋಡದಲ್ಲೂ ಮೀಟರ್ ಓಡುತ್ತದೆ

ಆಷಾಢದ ಗಾಳಿ ಬೀಸತೊಡಗಿತೆಂದರೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ರೈತರ ಕಣ್ಣು ಮುಗಿಲಿನ ಮೇಲೆಯೇ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದ ನೆಲವಿದು. ಮೋಡ ಕವಿಯುತ್ತದೆ, ಕಪ್ಪಾಗುತ್ತದೆ, ಇನ್ನೇನು ಸುರಿಯಿತು ಎನ್ನುವಷ್ಟರಲ್ಲಿ ಗಾಳಿ ಅದನ್ನು ಆಂಧ್ರದ ಕಡೆಗೆ ತಳ್ಳಿಬಿಡುತ್ತದೆ. ಬಿತ್ತನೆಯ ಶೇಂಗಾ ಚೀಲದಲ್ಲೇ ಉಳಿಯುತ್ತದೆ. ಮೋಡವನ್ನು ನೆಚ್ಚಿ ಲೆಕ್ಕ ಹಾಕಬಾರದೆಂದು ಇಲ್ಲಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ಈಚಿನ ವರ್ಷಗಳಲ್ಲಿ ಇದೇ ಮನೆಗಳೊಳಗೆ ಇನ್ನೊಂದು ಬಗೆಯ ಮೋಡ ಬಂದು ಕುಳಿತಿದೆ. ಅದರ ಹೆಸರು 'ಕ್ಲೌಡ್'. ದಾವಣಗೆರೆಯಲ್ಲೋ ತುಮಕೂರಿನಲ್ಲೋ ಎಂಜಿನಿಯರಿಂಗ್ ಓದುತ್ತಿರುವ ಮಗಳು ರಾತ್ರಿ ಮನೆಗೆ ಫೋನ್ ಮಾಡುತ್ತಾಳೆಂದು ಇಟ್ಟುಕೊಳ್ಳಿ.

'ಅಪ್ಪಾಜಿ, ಪ್ರಾಜೆಕ್ಟ್‌ಗೆ ಕ್ಲೌಡ್ ಅಕೌಂಟ್ ಮಾಡಬೇಕು. ನಿಮ್ಮ ಕಾರ್ಡ್ ನಂಬರ್ ಹೇಳಿ. ದುಡ್ಡೇನೂ ಕಟ್ ಆಗಲ್ಲ, ಫ್ರೀ.'

'ಫ್ರೀ ಅಂದಮೇಲೆ ಕಾರ್ಡ್ ಯಾಕಮ್ಮಾ?'

ಅಪ್ಪ ಕೇಳಿದ ಪ್ರಶ್ನೆ ಸಣ್ಣದಲ್ಲ. ದೊಡ್ಡ ದೊಡ್ಡ ಕಂಪೆನಿಗಳು ಸಂಬಳ ಕೊಟ್ಟು ಪರಿಣತರನ್ನು ನೇಮಿಸಿಕೊಂಡು ಉತ್ತರ ಹುಡುಕಿಸುತ್ತಿರುವ ಪ್ರಶ್ನೆಯೇ ಇದು. ಚಳ್ಳಕೆರೆಯ ಮಕ್ಕಳಿಗೆ ದೊಡ್ಡ ವಿಜ್ಞಾನವೆಂದರೆ ದೂರದ ಮಾತಲ್ಲ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ರಕ್ಷಣಾ ಇಲಾಖೆಯ ವೈಮಾನಿಕ ಪರೀಕ್ಷಾ ವಲಯದ ರನ್‌ವೇ ಮೇಲೆ ಇಸ್ರೋದ 'ಪುಷ್ಪಕ್' 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ ತಾನಾಗಿಯೇ ಬಂದಿಳಿಯಿತು. ಅಂಥ ಸಂಸ್ಥೆಗಳಲ್ಲಿ ಖರ್ಚುವೆಚ್ಚ ನೋಡಲೆಂದೇ ಲೆಕ್ಕಪತ್ರ ವಿಭಾಗವಿರುತ್ತದೆ. ಹಾಸ್ಟೆಲ್ಲಿನಲ್ಲಿ ಕುಳಿತ ವಿದ್ಯಾರ್ಥಿನಿಗೆ ಇರುವುದು ಅಪ್ಪನ ಕಾರ್ಡ್ ಮಾತ್ರ.

ಬಾಡಿಗೆಯ ಕಂಪ್ಯೂಟರ್

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವನ್ನು ನೆನಪಿಸಿಕೊಂಡರೆ ಕ್ಲೌಡ್ ಎಂದರೇನೆಂದು ಅರ್ಥವಾಗುತ್ತದೆ. ವರ್ಷದ ಉಳಿದ ದಿನಗಳಲ್ಲಿ ಆ ಜಾಲತಾಣದತ್ತ ತಿರುಗಿ ನೋಡುವವರು ಕಡಿಮೆ. ಆ ಒಂದು ದಿನ ಮಾತ್ರ ಲಕ್ಷಾಂತರ ಮನೆಗಳಿಂದ ಒಟ್ಟಿಗೇ ನೋಂದಣಿ ಸಂಖ್ಯೆ ಒತ್ತುತ್ತಾರೆ. ಆ ಒಂದು ದಿನಕ್ಕೆಂದು ನೂರು ಕಂಪ್ಯೂಟರ್ ಕೊಂಡರೆ ಉಳಿದ ದಿನಗಳಲ್ಲಿ ಅವು ಧೂಳು ತಿನ್ನುತ್ತವೆ. ಕೊಳ್ಳದಿದ್ದರೆ ಅಂದು ಪರದೆ ತಿರುಗುತ್ತಲೇ ಇರುತ್ತದೆ. ಬೇಕಾದ ದಿನ ಬೇಕಾದಷ್ಟನ್ನು ಬಾಡಿಗೆಗೆ ಪಡೆದು, ಕೆಲಸ ಮುಗಿದ ಕೂಡಲೇ ಹಿಂದಿರುಗಿಸುವ ಏರ್ಪಾಡಿಗೆ ಕ್ಲೌಡ್ ಎಂದು ಹೆಸರು. ಸರ್ಕಾರಿ ಇಲಾಖೆಗಳಿಗಾಗಿ ಕೇಂದ್ರ ಸರ್ಕಾರ 2014ರಲ್ಲಿ ಇಂಥದೇ ಒಂದು ವ್ಯವಸ್ಥೆ ತೆರೆದು ಅದಕ್ಕೆ 'ಮೇಘರಾಜ್' ಎಂದೇ ಹೆಸರಿಟ್ಟಿತು.

ಈ ಬಾಡಿಗೆ ವ್ಯಾಪಾರವನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸಿದ್ದು ಅಮೆಜಾನ್. 2006ರಲ್ಲಿ ಅದು ತನ್ನ ಕಂಪ್ಯೂಟರುಗಳನ್ನು ಗಂಟೆಗೆ 10 ಸೆಂಟಿನಂತೆ ಹೊರಗಿನವರಿಗೆ ಕೊಡತೊಡಗಿತು. ಬಳಿಕ ಮೈಕ್ರೋಸಾಫ್ಟ್, ಗೂಗಲ್ ಕಂಪೆನಿಗಳೂ ಬಂದವು. ಅಮೆಜಾನಿನ ಯಂತ್ರಾಗಾರ 2016ರಲ್ಲಿ ಮುಂಬೈಗೂ 2022ರಲ್ಲಿ ಹೈದರಾಬಾದಿಗೂ ಬಂತು. ಅಂದರೆ ಮೋಡ ಮುಗಿಲಿನಲ್ಲೇನೂ ಇಲ್ಲ. ನೆಲದ ಮೇಲೆ, ಎ.ಸಿ. ಹಾಕಿದ ದೊಡ್ಡ ದೊಡ್ಡ ಕಟ್ಟಡಗಳಲ್ಲಿದೆ.

ಹಳ್ಳಿಯವರಿಗೆ ಇದು ಹೊಸದಲ್ಲ. ಕೃಷಿ ಹೊಂಡ ತೋಡಿಸುವಾಗ ಜೆಸಿಬಿಯನ್ನು ಗಂಟೆ ಲೆಕ್ಕದಲ್ಲಿ ತರಿಸುತ್ತಾರಲ್ಲ, ಅದೇ ವ್ಯವಹಾರ. ಯಂತ್ರ ಹೊಲಕ್ಕೆ ಇಳಿದ ಕೂಡಲೇ ರೈತ ಮೀಟರ್ ನೋಡಿಕೊಳ್ಳುತ್ತಾನೆ. ಆಪರೇಟರ್ ಎಂಜಿನ್ ಆರಿಸದೆ ಟೀ ಕುಡಿಯಲು ಹೋದರೆ 'ಏನಪ್ಪಾ, ಗಾಡಿ ಆಫ್ ಮಾಡು' ಎಂದು ಕೂಗುತ್ತಾನೆ. ಕ್ಲೌಡ್ ಯಂತ್ರಕ್ಕೂ ಜೆಸಿಬಿಗೂ ಇರುವ ವ್ಯತ್ಯಾಸವೆಂದರೆ, ಅದು ಸದ್ದು ಮಾಡುವುದಿಲ್ಲ, ಹೊಗೆ ಬಿಡುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚಿದರೂ ಮುಂಬೈಯಲ್ಲೋ ಅಮೆರಿಕದಲ್ಲೋ ಎಂಜಿನ್ ಓಡುತ್ತಲೇ ಇರುತ್ತದೆ. ಕಂಪ್ಯೂಟರ್ ಆರಿಸಿದೆ ಎಂದು ವಿದ್ಯಾರ್ಥಿ ತಿಳಿದಿರುತ್ತಾನೆ. ಆರಿಸಿದ್ದು ಪರದೆಯನ್ನು ಮಾತ್ರ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರ 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಮಾತು ಈ ಭಾಗದ ಮಕ್ಕಳಿಗೆಲ್ಲ ಬಾಯಿಪಾಠ. ಕೆಲಸಕ್ಕೆ ತಕ್ಕ ಕೂಲಿ ಎಂಬುದು ಅದರ ತಿರುಳು. ಕ್ಲೌಡ್ ಮೀಟರಿಗೆ ಈ ನ್ಯಾಯ ತಿಳಿಯದು. ಬಹುಪಾಲು ಸೇವೆಗಳಲ್ಲಿ ಅದು ಹಣ ಕೇಳುವುದು ಮಾಡಿದಷ್ಟಕ್ಕೆ ಅಲ್ಲ, ಇಟ್ಟುಕೊಂಡಷ್ಟಕ್ಕೆ.

ಒಂದು ಲೆಕ್ಕ

ಕೃತಕ ಬುದ್ಧಿಮತ್ತೆಯ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗೆ 'ಜಿಪಿಯು' ಎಂಬ ವಿಶೇಷ ಚಿಪ್ ಇರುವ ಯಂತ್ರ ಬೇಕಾಗುತ್ತದೆ. ಅಮೆಜಾನಿನಲ್ಲಿ ಅಂಥವುಗಳ ಪೈಕಿ ಚಿಕ್ಕದೊಂದಕ್ಕೆ ಅಮೆರಿಕದ ವರ್ಜೀನಿಯಾ ಕೇಂದ್ರದ ದರ ಗಂಟೆಗೆ 0.526 ಡಾಲರ್. ಲೆಕ್ಕಕ್ಕೆ ಸುಲಭವಾಗಲೆಂದು ಡಾಲರಿಗೆ 90 ರೂ. ಹಿಡಿಯೋಣ. ಗಂಟೆಗೆ ಸುಮಾರು 47 ರೂ. ಆಯಿತು. ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಇಬ್ಬರು ತಿಂಡಿ ತಿಂದರೆ ಇದಕ್ಕಿಂತ ಹೆಚ್ಚಾಗುತ್ತದೆ. ಯಾರಿಗೂ ಹೆದರಿಕೆಯಾಗದ ಮೊತ್ತ.

ವಿದ್ಯಾರ್ಥಿ ದಿನಕ್ಕೆ 2 ಗಂಟೆಯಂತೆ 20 ದಿನ ಕೆಲಸ ಮಾಡಿ, ಪ್ರತಿ ಸಲವೂ ಯಂತ್ರ ನಿಲ್ಲಿಸಿದರೆ 40 ಗಂಟೆ. 21.04 ಡಾಲರ್, ಅಂದರೆ 1,894 ರೂ. ಶೇಕಡ 18ರ ಜಿಎಸ್‌ಟಿ ಸೇರಿ 2,234 ರೂ. ಅದೇ ವಿದ್ಯಾರ್ಥಿ ಮೊದಲ ದಿನ ಯಂತ್ರ ಆರಂಭಿಸಿ, ನಿಲ್ಲಿಸುವುದನ್ನು ಮರೆತನೆನ್ನಿ. ತಿಂಗಳಿಗೆ 720 ಗಂಟೆ. 378.72 ಡಾಲರ್, ತೆರಿಗೆ ಸೇರಿದರೆ 40,220 ರೂ. ಎರಡೂ ಸಂದರ್ಭಗಳಲ್ಲಿ ಮಾಡಿದ ಕೆಲಸ ಒಂದೇ, ಕಲಿತ ಪಾಠ ಒಂದೇ, ಬರುವ ಅಂಕವೂ ಒಂದೇ. ಬಿಲ್ಲು ಮಾತ್ರ 18 ಪಟ್ಟು. ಹೆಚ್ಚಾದ 37,986 ರೂ.ಗಳಲ್ಲಿ ಒಂದು ಪೈಸೆಯೂ ಕೆಲಸಕ್ಕೆ ಹೋಗಲಿಲ್ಲ. ಒಣಬೇಸಾಯದ ಮನೆಯೊಂದಕ್ಕೆ ಇದು ಯಾವ ಮೊತ್ತವೆಂದು ಬಿಡಿಸಿ ಹೇಳಬೇಕಿಲ್ಲ.

(ಹೊಸ ಖಾತೆಗೆ ಇಂಥ ಯಂತ್ರ ಸಿಗಬೇಕಾದರೆ ಸಾಮಾನ್ಯವಾಗಿ ಪ್ರತ್ಯೇಕ ಕೋರಿಕೆ ಸಲ್ಲಿಸಬೇಕು ಎಂಬುದು ನಿಜ. ಆದರೆ ಪ್ರಾಜೆಕ್ಟ್ ಮುಗಿಸುವ ಧಾವಂತದಲ್ಲಿರುವ ವಿದ್ಯಾರ್ಥಿ ಆ ಕೋರಿಕೆಯನ್ನೂ ಸಲ್ಲಿಸುತ್ತಾನೆ.)

ಯಂತ್ರ ನಿಲ್ಲಿಸಿದರೂ ಎಲ್ಲ ನಿಂತಂತಲ್ಲ. ಮನೆಗೆ ಬೀಗ ಹಾಕಿಕೊಂಡು ಊರಿಗೆ ಹೋದರೆ ಬಾಡಿಗೆ ತಪ್ಪುತ್ತದೆಯೇ? ಮಾಹಿತಿ ತುಂಬಿದ ಡಿಸ್ಕ್ ಅಲ್ಲೇ ಇರುತ್ತದೆ, 100 ಜಿ.ಬಿ.ಯ ಡಿಸ್ಕಿಗೆ ತಿಂಗಳಿಗೆ 8 ಡಾಲರ್. ಯಂತ್ರಕ್ಕೆಂದು ಕಾಯಂ ವಿಳಾಸ ಪಡೆದಿದ್ದರೆ, 2024ರ ಫೆಬ್ರುವರಿ 1ರಿಂದ ಅದಕ್ಕೂ ಗಂಟೆಗೆ ಅರ್ಧ ಸೆಂಟ್. ಅರ್ಧ ಸೆಂಟ್ ಎಂದರೆ ಏನೂ ಅಲ್ಲ, ಆದರೆ ತಿಂಗಳಿಗೆ 3.60 ಡಾಲರ್. ಎರಡೂ ಸೇರಿ ತೆರಿಗೆಯೊಂದಿಗೆ ಸುಮಾರು 1,232 ರೂ., ಯಾರೂ ಬಳಸದ ಯಂತ್ರಕ್ಕೆ! 'ನಿಲ್ಲಿಸು' ಎಂಬ ಗುಂಡಿ ಬೇರೆ, 'ತೆಗೆದುಹಾಕು' ಎಂಬ ಗುಂಡಿ ಬೇರೆ. ಮೊದಲನೆಯದನ್ನು ಒತ್ತಿ ಎರಡನೆಯದನ್ನೂ ಒತ್ತಿದೆವೆಂದು ತಿಳಿಯುವವರೇ ಹೆಚ್ಚು.

ಇನ್ನೂ ವಿಚಿತ್ರವಾದುದೊಂದು 2024ರ ವಸಂತದಲ್ಲಿ ನಡೆಯಿತು. ಪ್ರೋಗ್ರಾಮರ್ ಒಬ್ಬರು ಅಮೆಜಾನಿನಲ್ಲಿ ಕಡತಗಳನ್ನಿಡುವ ಒಂದು ಖಾಲಿ ಜಾಗ ತೆರೆದು ಮನೆಗೆ ಹೋದರು. ಒಂದೆರಡು ದಿನ ಬಿಟ್ಟು ನೋಡಿದರೆ ಬಿಲ್ಲು 1,300 ಡಾಲರಿಗೂ ಹೆಚ್ಚು. ಅವರು ಆ ಜಾಗಕ್ಕೆ ಇಟ್ಟ ಹೆಸರನ್ನೇ ಜನಪ್ರಿಯ ತಂತ್ರಾಂಶವೊಂದು ಮಾದರಿ ಹೆಸರಾಗಿ ಬಳಸಿತ್ತು. ಲೋಕದ ಎಲ್ಲೆಲ್ಲಿಂದಲೋ ಅದರ ಪ್ರತಿಗಳು ಆ ಬಾಗಿಲು ತಟ್ಟಿ, ಒಳಗೆ ಬಿಡದೆ ಹಿಂದಿರುಗಿದ್ದವು. ತಟ್ಟಿದ್ದು ಹತ್ತಿರಹತ್ತಿರ 10 ಕೋಟಿ ಸಲ. ಬಾಗಿಲು ತೆರೆಯದಿದ್ದರೂ ತಟ್ಟಿದ್ದಕ್ಕೆಲ್ಲ ಮನೆಯವರೇ ಹಣ ತೆರಬೇಕಿತ್ತು! ವಿಷಯ ಬಹಿರಂಗವಾಗಿ ಗದ್ದಲವೆದ್ದ ಮೇಲೆ, ಅದೇ ಮೇ ತಿಂಗಳಲ್ಲಿ ಅಮೆಜಾನ್ ನಿಯಮ ಬದಲಿಸಿತು. ಅನುಮತಿಯಿಲ್ಲದವರು ತಟ್ಟಿದ್ದಕ್ಕೆ ಈಗ ಶುಲ್ಕವಿಲ್ಲ.

ಉಚಿತದ ಗೆರೆ

ಅಪ್ಪನ ಪ್ರಶ್ನೆಗೆ ಈಗ ಬರಬಹುದು. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ರಾಜ್ಯದ ಮನೆಮನೆಯಲ್ಲೂ ಕರೆಂಟ್ ಮೀಟರ್ ನೋಡುವ ಅಭ್ಯಾಸ ಬೆಳೆಯಿತು. ಮನೆಯ ಸರಾಸರಿ ಬಳಕೆ, ಅದರ ಮೇಲೆ ಒಂದಿಷ್ಟು ಹೆಚ್ಚುವರಿ, ಅಷ್ಟರೊಳಗಿದ್ದರೆ ಬಿಲ್ಲಿಲ್ಲ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಕ್ಲೌಡ್‌ನ 'ಫ್ರೀ' ಕೂಡ ಇಂಥದೇ ಒಂದು ಗೆರೆ. ಆದರೆ ಗೆರೆ ಒಂದಲ್ಲ, ಸೇವೆಗೊಂದು. ಕೆಲವು ತಿಂಗಳಿಗೆ, ಕೆಲವು ವರ್ಷಕ್ಕೆ. ದಾಟಿದ ದಿನ ಯಾವ ಲೈನ್‌ಮನ್ನೂ ಮನೆಗೆ ಬಂದು ಹೇಳುವುದಿಲ್ಲ.

2025ರ ಜುಲೈ 15ರಿಂದ ಅಮೆಜಾನ್ ಹೊಸ ಖಾತೆಗಳಿಗೆ ಕ್ರಮ ಬದಲಿಸಿದೆ. ಆರಂಭದಲ್ಲಿ 100 ಡಾಲರ್, ಕೆಲವು ಪಾಠಗಳನ್ನು ಮುಗಿಸಿದರೆ ಇನ್ನೂ 100 ಡಾಲರ್ ಖಾತೆಗೆ ಜಮಾ ಆಗುತ್ತದೆ. 'ಉಚಿತ ಯೋಜನೆ'ಯನ್ನೇ ಆರಿಸಿಕೊಂಡವರ ಖಾತೆ ಆ ಹಣ ತೀರಿದಾಗ ಇಲ್ಲವೇ 6 ತಿಂಗಳಾದಾಗ ಮುಚ್ಚುತ್ತದೆ. 'ಪಾವತಿ ಯೋಜನೆ'ಗೆ ಬದಲಾಯಿಸಿಕೊಂಡರೆ ಕಾರ್ಡಿಗೆ ಕೈ ಬಿತ್ತೆಂದೇ ಅರ್ಥ. ಗೂಗಲ್ 90 ದಿನಗಳಿಗೆ 300 ಡಾಲರ್ ಕೊಡುತ್ತದೆ. ಮೈಕ್ರೋಸಾಫ್ಟ್ ಕಂಪೆನಿಯ ವಿದ್ಯಾರ್ಥಿ ಖಾತೆಯಲ್ಲಿ ವರ್ಷಕ್ಕೆ 100 ಡಾಲರ್ ಮಾತ್ರ, ಆದರೆ ಅದಕ್ಕೆ ಕಾರ್ಡೇ ಬೇಡ. ಕಾಲೇಜಿನ ಇ-ಮೇಲ್ ವಿಳಾಸ ಸಾಕು. ಮೊದಲ ಸಲ ಕಲಿಯುವವರಿಗೆ ದೊಡ್ಡ ಮೊತ್ತಕ್ಕಿಂತ ಕಾರ್ಡ್ ಕೇಳದ ಖಾತೆಯೇ ಒಳ್ಳೆಯದು.

ಖರ್ಚಿಗೆ ಮಿತಿ ಹಾಕಬಹುದಲ್ಲ ಎಂದು ಯಾರಾದರೂ ಕೇಳಬಹುದು. ಹಾಕಬಹುದು, ಹಾಕಲೇಬೇಕು. 'ಬಜೆಟ್' ಎಂಬ ಸೌಲಭ್ಯದಲ್ಲಿ 5 ಡಾಲರ್ ಎಂದು ಬರೆದಿಟ್ಟರೆ, ಅದನ್ನು ಮುಟ್ಟಿದಾಗ ಇ-ಮೇಲ್ ಬರುತ್ತದೆ. ಆದರೆ ಅದು ಗಂಟೆ, ನಲ್ಲಿಯಲ್ಲ. ಬಾರಿಸುತ್ತದೆ, ನೀರು ನಿಲ್ಲಿಸುವುದಿಲ್ಲ. ಅದೂ ತಡವಾಗಿ ಬಾರಿಸುತ್ತದೆ. ಅಮೆಜಾನಿನ ಲೆಕ್ಕ ದಿನಕ್ಕೆ ಹೆಚ್ಚೆಂದರೆ ಮೂರು ಸಲ ಹೊಸದಾಗುತ್ತದೆ, ಹಾಗಾಗಿ ಈ ಗಂಟೆಯ ಖರ್ಚು ಕಾಣಿಸುವ ಹೊತ್ತಿಗೆ 8-12 ಗಂಟೆ ಕಳೆದಿರಬಹುದು. ಮಿತಿ ಮುಟ್ಟಿದಾಗ ಯಂತ್ರವನ್ನೇ ನಿಲ್ಲಿಸುವಂತೆ ಏರ್ಪಾಡು ಮಾಡಲು ಬರುತ್ತದೆ. ಅದನ್ನು ಖಾತೆದಾರರೇ ಹೊಂದಿಸಿಕೊಳ್ಳಬೇಕು.

ಈ ತಡದ ನಿಜವಾದ ಅಪಾಯ ತಿಳಿಯುವುದು ಕಳವಾದಾಗ. ವಿದ್ಯಾರ್ಥಿಗಳು ಪ್ರೋಗ್ರಾಮಿನೊಳಗೇ ಖಾತೆಯ ಗುಪ್ತ ಕೀಲಿಯನ್ನು ಬರೆದು, ಆ ಪ್ರೋಗ್ರಾಮನ್ನು 'ಗಿಟ್‌ಹಬ್' ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟುಬಿಡುತ್ತಾರೆ. ಇಂಥ ಕೀಲಿಗಳನ್ನೇ ಹುಡುಕುತ್ತ ಅಲೆಯುವ ಸ್ವಯಂಚಾಲಿತ ಪ್ರೋಗ್ರಾಮುಗಳಿವೆ. ಕೆಲವೇ ನಿಮಿಷಗಳಲ್ಲಿ ಅವುಗಳ ಕಣ್ಣಿಗೆ ಬೀಳುತ್ತದೆ. ಕಳ್ಳರು ಆ ಖಾತೆಯಲ್ಲಿ ಹತ್ತಾರು ದೊಡ್ಡ ಯಂತ್ರಗಳನ್ನು ಚಾಲೂ ಮಾಡಿ ಕ್ರಿಪ್ಟೋ ನಾಣ್ಯ ಗಣಿಗಾರಿಕೆಗೆ ಹಚ್ಚುತ್ತಾರೆ. ನಾಣ್ಯ ಅವರಿಗೆ, ಬಿಲ್ಲು ಅಪ್ಪನಿಗೆ. ಕೂಡಲೇ ಬರೆದು ಕೇಳಿಕೊಂಡವರಿಗೆ ಕಂಪೆನಿಗಳು ಬಿಲ್ಲು ಬಿಟ್ಟುಕೊಟ್ಟದ್ದೂ ಉಂಟು. ಆದರೆ ಅದು ಅವರ ಔದಾರ್ಯ, ಗ್ರಾಹಕರ ಹಕ್ಕಲ್ಲ.

ಪಾಲಕರು ತಿಳಿದಿರಬೇಕಾದ ಇನ್ನೊಂದು ಸಂಗತಿ ಬ್ಯಾಂಕಿನದು. ರಿಸರ್ವ್ ಬ್ಯಾಂಕ್ 2022ರ ಜೂನ್‌ನಲ್ಲಿ ಮಾಡಿದ ಬದಲಾವಣೆಯಂತೆ, ಒಮ್ಮೆ ಒಪ್ಪಿಗೆ ಕೊಟ್ಟ ಕಾರ್ಡಿನಿಂದ 15,000 ರೂ.ವರೆಗಿನ ಮರುಕಳಿಸುವ ಪಾವತಿ ಪ್ರತಿ ಸಲ ಒಟಿಪಿ ಇಲ್ಲದೆಯೇ ಹೋಗಬಹುದು. ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕು ಸಂದೇಶ ಕಳಿಸಬೇಕು. ಅದನ್ನು ಜಾಹೀರಾತೆಂದು ಅಳಿಸಿಬಿಡಬಾರದು. ಕಾರ್ಡನ್ನು ರದ್ದು ಮಾಡಿಸಿದರೆ ಹಣ ಕಡಿತ ನಿಲ್ಲುತ್ತದೆಯೇ ಹೊರತು ಯಂತ್ರ ತಕ್ಷಣ ನಿಲ್ಲುವುದಿಲ್ಲ, ಸಾಲವೂ ಅಳಿಯುವುದಿಲ್ಲ.

ತೂಗಿ ಕೊಟ್ಟ ನೂಲು

ದೊಡ್ಡ ಕಂಪೆನಿಗಳ ತೊಂದರೆ ಬೇರೆ ಬಗೆಯದು. ಅಲ್ಲಿ ನೂರಾರು ಜನ ಸಾವಿರಾರು ಯಂತ್ರ ತೆರೆದಿರುತ್ತಾರೆ; ತಿಂಗಳ ಕೊನೆಗೆ ಬರುವುದು ಒಂದೇ ಬಿಲ್ಲು. ಯಾವುದು ಯಾರದು? ಮೊಳಕಾಲ್ಮುರಿನ ರೇಷ್ಮೆ ಸೀರೆಯ ವ್ಯವಹಾರ ಕಂಡವರಿಗೆ ಇದರ ಪರಿಹಾರ ಗೊತ್ತು. ಮಗ್ಗದವರಿಗೆ ನೂಲನ್ನು ತೂಗಿ ಕೊಡುತ್ತಾರೆ, ಹೆಸರಿನ ಮುಂದೆ ಬರೆದುಕೊಳ್ಳುತ್ತಾರೆ, ಸೀರೆ ಬಂದಾಗ ಮತ್ತೆ ತೂಗುತ್ತಾರೆ. ಕ್ಲೌಡ್‌ನಲ್ಲಿ ಇದಕ್ಕೆ 'ಟ್ಯಾಗ್' ಹಚ್ಚುವುದು ಎನ್ನುತ್ತಾರೆ. ಪ್ರತಿಯೊಂದು ಯಂತ್ರಕ್ಕೂ ಯಾರದು, ಯಾವ ಕೆಲಸಕ್ಕೆ, ಎಲ್ಲಿಯವರೆಗೆ ಎಂಬ ಚೀಟಿ. ಚೀಟಿಯಿಲ್ಲದ ಯಂತ್ರ ಕಂಡರೆ ಮೊದಲು ಅದನ್ನೇ ವಿಚಾರಿಸುತ್ತಾರೆ. ನಾಲ್ವರು ಸೇರಿ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೂ ಇದು ಸಲ್ಲುತ್ತದೆ.

ಅಳೆಯುವುದು ಅರ್ಧ ಕೆಲಸ, ಇಳಿಸುವುದು ಉಳಿದರ್ಧ. ಇದಕ್ಕೆ ಒಳ್ಳೆಯ ನಿದರ್ಶನ ಬೆಂಗಳೂರಿನಲ್ಲೇ ಇದೆ. ಷೇರು ವಹಿವಾಟಿನ ಜೆರೋಧಾ ಕಂಪೆನಿ ಪ್ರತಿ ವಹಿವಾಟಿನ ದಿನವೂ ಗ್ರಾಹಕರಿಗೆ ಅಂದಿನ ವ್ಯವಹಾರದ ಚೀಟಿಯನ್ನು ಡಿಜಿಟಲ್ ಸಹಿಯೊಂದಿಗೆ ಇ-ಮೇಲ್ ಮಾಡಬೇಕು, ಇದು ಕಾನೂನು. ಅಂಥ ಚೀಟಿಗಳ ಸಂಖ್ಯೆ 15 ಲಕ್ಷ ದಾಟಿತು. ಹಿಂದೆ ಒಂದೇ ದೊಡ್ಡ ಸರ್ವರ್ ಮೇಲೆ ಇದಕ್ಕೆ 7-8 ಗಂಟೆ ಹಿಡಿಯುತ್ತಿತ್ತು. ಅವರು ಮಾಡಿದ ಬದಲಾವಣೆಯನ್ನು ಅವರ ತಂತ್ರಜ್ಞರೇ 2024ರಲ್ಲಿ ವಿವರವಾಗಿ ಬರೆದರು. ಕೆಲಸವನ್ನು ತುಂಡುತುಂಡು ಮಾಡಿದರು. ಚೀಟಿ ರೂಪಿಸುವ ಭಾರವಾದ ತಂತ್ರಾಂಶವನ್ನು ಬಿಟ್ಟು ಹಗುರವಾದುದನ್ನು ಹಿಡಿದರು. ವಹಿವಾಟು ಮುಗಿದ ಮೇಲೆ ಅನೇಕ ಯಂತ್ರಗಳನ್ನು ಒಟ್ಟಿಗೆ ಬಾಡಿಗೆಗೆ ಪಡೆದು, ಸುಮಾರು 25 ನಿಮಿಷಗಳಲ್ಲಿ ಎಲ್ಲ ಚೀಟಿಗಳನ್ನೂ ರೂಪಿಸಿ, ಸಹಿ ಹಾಕಿ, ಕಳಿಸಿ, ಯಂತ್ರಗಳನ್ನು ಹಿಂದಿರುಗಿಸುತ್ತಾರೆ.

ಇಲ್ಲೊಂದು ಗಣಿತವಿದೆ, ವಿದ್ಯಾರ್ಥಿಗಳು ಗಮನಿಸಬೇಕು. ಒಂದು ಯಂತ್ರ 10 ಗಂಟೆ ಓಡಿದರೂ 10 ಯಂತ್ರ ಒಂದು ಗಂಟೆ ಓಡಿದರೂ ಬಾಡಿಗೆ ಒಂದೇ. ಹತ್ತು ಆಳು ಒಂದು ದಿನದ ಲೆಕ್ಕ ಶಾಲೆಯಲ್ಲಿ ಮಾಡಿದ್ದೇ. ಹೆಚ್ಚು ಯಂತ್ರ ಎಂದರೆ ಹೆಚ್ಚು ಖರ್ಚು ಎಂದೇನಿಲ್ಲ. ಕೆಲಸ ಮುಗಿದ ಕ್ಷಣ ಕಳಿಸಿಬಿಡಬೇಕು, ಅಷ್ಟೆ. ತುರ್ತಿಲ್ಲದ ಕೆಲಸವಾದರೆ 'ಸ್ಪಾಟ್' ಎಂಬ ಅಗ್ಗದ ದರವೂ ಉಂಟು. ಸಂತೆ ಮುರಿಯುವ ಹೊತ್ತಿನ ತರಕಾರಿಯಂತೆ ಉಳಿದ ಯಂತ್ರಗಳನ್ನು ಶೇಕಡ 90ರವರೆಗೂ ಕಡಿಮೆ ಬೆಲೆಗೆ ಕೊಡುತ್ತಾರೆ. ಬೇಕೆನಿಸಿದಾಗ ಎರಡೇ ನಿಮಿಷದ ಮುನ್ಸೂಚನೆ ಕೊಟ್ಟು ಕಿತ್ತುಕೊಳ್ಳುತ್ತಾರೆ.

ಹಾಗಾದರೆ ಬಾಡಿಗೆಯೇ ಲಾಭವೇ? ಯಾವಾಗಲೂ ಅಲ್ಲ. ಅಮೆರಿಕದ '37ಸಿಗ್ನಲ್ಸ್' ಎಂಬ ಕಂಪೆನಿ 2022ರಲ್ಲಿ ಕ್ಲೌಡ್‌ಗೆ 32 ಲಕ್ಷ ಡಾಲರ್ ತೆತ್ತಿತು. ವರ್ಷವಿಡೀ ಒಂದೇ ಸಮನೆ ಓಡುವ ಕೆಲಸಕ್ಕೆ ಬಾಡಿಗೆ ಏಕೆಂದು ಸುಮಾರು 7 ಲಕ್ಷ ಡಾಲರಿಗೆ ಸ್ವಂತ ಸರ್ವರ್ ಕೊಂಡು, 2023ರಲ್ಲಿ ತನ್ನ ತಂತ್ರಾಂಶಗಳನ್ನು ಅವುಗಳ ಮೇಲೆ ಇಳಿಸಿಕೊಂಡಿತು. ಇದನ್ನು ಓದಿ ಎಲ್ಲರೂ ಸರ್ವರ್ ಕೊಳ್ಳಲು ಹೊರಡುವ ಮೊದಲು ಚಳ್ಳಕೆರೆಯನ್ನೊಮ್ಮೆ ನೋಡಬೇಕು. 'ಎಣ್ಣೆ ನಗರ' ಎಂದು ಹೆಸರಾದ ಊರು. ಶೇಂಗಾ ಧಾರಾಳವಾಗಿ ಬರುತ್ತಿದ್ದಾಗ ಸ್ವಂತ ಮಿಲ್ಲು ಇದ್ದವನೇ ಧಣಿ. ಮಳೆ ಕೈಕೊಟ್ಟು, ತಾಳೆ ಎಣ್ಣೆ ಹಡಗುಗಳಲ್ಲಿ ಬಂದಿಳಿಯತೊಡಗಿದ ಮೇಲೆ ಅದೇ ಸ್ವಂತ ಯಂತ್ರಗಳು ಭಾರವಾದವು; ಅನೇಕ ಮಿಲ್ಲುಗಳು ಬಾಗಿಲು ಹಾಕಿದವು. ಕೆಲಸ ವರ್ಷವಿಡೀ ಇರುವುದು ಖಚಿತವಿದ್ದರೆ ಸ್ವಂತದ್ದು, ಇಲ್ಲವಾದರೆ ಬಾಡಿಗೆಯದು.

ಈ ಲೆಕ್ಕ ನೋಡುವುದೇ ಒಂದು ಉದ್ಯೋಗವಾಗಿ ಬೆಳೆದಿದೆ. 'ಫಿನ್‌ಆಪ್ಸ್' ಎಂದು ಹೆಸರು. 2019ರಲ್ಲಿ ಆರಂಭವಾದ ಫಿನ್‌ಆಪ್ಸ್ ಫೌಂಡೇಶನ್ ಇದಕ್ಕೆಂದೇ ಪಾಠಕ್ರಮ, ಪರೀಕ್ಷೆ ನಡೆಸುತ್ತದೆ. ಇದು ಎಂಜಿನಿಯರಿಂಗ್ ಮಕ್ಕಳಿಗಷ್ಟೇ ಮೀಸಲಲ್ಲ. ಬಿ.ಕಾಂ. ಓದಿ ಯಂತ್ರದ ಭಾಷೆ ಒಂದಿಷ್ಟು ಕಲಿತವರಿಗೂ ಇಲ್ಲಿ ಜಾಗವಿದೆ. ಬಿಲ್ಲಿನ ಸಾವಿರಾರು ಸಾಲುಗಳನ್ನು ತಾಳ್ಮೆಯಿಂದ ಓದುವ ಗುಣ ಎಷ್ಟೋ ಸಲ ಪ್ರೋಗ್ರಾಮ್ ಬರೆಯುವವರಿಗಿಂತ ಅವರಲ್ಲೇ ಹೆಚ್ಚು.

ಇನ್ನು ಪ್ರಾಜೆಕ್ಟಿಗೆ ಕ್ಲೌಡ್ ಬೇಕೇಬೇಕು ಎನ್ನುವ ವಿದ್ಯಾರ್ಥಿಯ ಮಾತು. ಅಮೆಜಾನ್, ಕಾಲೇಜುಗಳಿಗಾಗಿ 'ಅಕಾಡೆಮಿ' ಎಂಬ ಏರ್ಪಾಡು ನಡೆಸುತ್ತದೆ. ಕಾಲೇಜು ಅದಕ್ಕೆ ಸೇರಿದ್ದರೆ ವಿದ್ಯಾರ್ಥಿಗಳಿಗೆ ಪ್ರಯೋಗಾಲಯದ ಖಾತೆ ಸಿಗುತ್ತದೆ. ಕಾರ್ಡ್ ಬೇಡ. ನಿಗದಿತ ಮೊತ್ತವಿರುತ್ತದೆ; ಕೆಲವು ಗಂಟೆಗಳ ಅವಧಿ ಮುಗಿದ ಕೂಡಲೇ ಓಡುತ್ತಿರುವ ಯಂತ್ರ ತಾನಾಗಿ ನಿಲ್ಲುತ್ತದೆ. ಕಾಲೇಜಿಗೆ ಸೇರಿಸಲು ಹೋದಾಗ ಹಾಸ್ಟೆಲ್ ಊಟ, ಬಸ್ ಪಾಸ್ ವಿಚಾರಿಸುವ ಜೊತೆಗೆ ಇಂಥ ಖಾತೆ ಇದೆಯೇ ಎಂದೂ ಕೇಳಬಹುದು. ಇಲ್ಲವೆಂದರೆ ಮಗಳ ಮೈಕ್ರೋಸಾಫ್ಟ್ ವಿದ್ಯಾರ್ಥಿ ಖಾತೆಯಿಂದ ಆರಂಭಿಸಬಹುದು. ಅದೂ ಸಾಲದೆ ಅಪ್ಪನ ಕಾರ್ಡನ್ನೇ ಕೊಡಬೇಕಾಗಿ ಬಂದರೆ, ಬಜೆಟ್ ಎಚ್ಚರಿಕೆ ಹೋಗುವ ಇ-ಮೇಲ್ ವಿಳಾಸಗಳಲ್ಲಿ ಅಪ್ಪನದನ್ನೂ ಸೇರಿಸಲಿ. ಕೆಲಸ ಮುಗಿಸಿ ಏಳುವ ಮುನ್ನ ಮುಂಬೈ ಕೇಂದ್ರದ ಪಟ್ಟಿಯನ್ನಷ್ಟೇ ನೋಡಿದರೆ ಸಾಲದು. ಎಂದೋ ಪಾಠಕ್ಕಾಗಿ ವರ್ಜೀನಿಯಾದಲ್ಲಿ ತೆರೆದ ಯಂತ್ರ ಮುಂಬೈ ಪಟ್ಟಿಯಲ್ಲಿ ಕಾಣುವುದಿಲ್ಲ.